ಹರಳುಪ್ಪು ತರಲು ಹೋಗಿ

ಬೆಳಿಗ್ಗೆ ಒಂಬತ್ತಕ್ಕೆಲ್ಲ ಮನಸ್ಸು ಕೆಟ್ಟಿತು. ಬಾಳಕದ ಮೆಣಸಿನಕಾಯಿಗೆ ಉಪ್ಪು ಸಾಲದೆ ಬಂದಿತ್ತು. ಬೆಳಗಾವಿಯ ಹಿಂದವಾಡಿಯಲ್ಲಿರುವ ಮನೆಯಿಂದ ಗೋವಾವೇಸಿನ ಕಡೆ ನಡೆದು, ಹೊಸದಾಗಿ ಆಗಿರುವ ದೊಡ್ಡ ಅಂಗಡಿಯೊಂದಕ್ಕೆ ಹೋದೆ. ಹರಳುಪ್ಪು ಇರಲಿಲ್ಲ. ನುಣುಪಾದ ಪುಡಿ ಉಪ್ಪಿನ ಪಾಕೀಟುಗಳು ಆಳೆತ್ತರಕ್ಕೆ ಇದ್ದವು. ಪಕ್ಕದ ಗಾಜಿನ ಫ್ರಿಜ್ಜಿನಲ್ಲಿ ಮಾಸಲು ಗುಲಾಬಿ ಬಣ್ಣದ, ಒಂದೇ ಅಳತೆಯ ಕೊಳವೆಗಳು ಪ್ಲಾಸ್ಟಿಕ್ಕಿನಲ್ಲಿ ಮಲಗಿದ್ದವು. ಒಂದು ಗಳಿಗೆ ನಿಂತು ನೋಡಿದೆ. ಅಂಗಡಿಯ ಹುಡುಗ ಹತ್ತಿರ ಬಂದು, "ಅದು ಸಾಸೇಜ್ ಐತ್ರಿ ಕಾಕೂ. ಫಾರಿನ್ ಐಟಮ್. ನಮ್ಮ ಕಡಿದಲ್ಲರಿ" ಅಂದ.

ಹುಡುಗನದೇನೂ ತಪ್ಪಿಲ್ಲ. ಆದರೆ "ನಮ್ಮ ಕಡಿದಲ್ಲ" ಅನ್ನುವ ಆ ಮಾತು ಮನೆ ಮುಟ್ಟುವ ತನಕ ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಬಂತು. ಅವನು ನಿಂತು ಮಾತಾಡಿದ ಜಾಗದ ಹೆಸರೇ ಗೋವಾವೇಸ್. ವೇಸ್ ಅಂದರೆ ಅಗಸಿ. ಗೋವೆಯ ಕಡೆ ಹೋಗುವ ಅಗಸಿ ಇದು. ಇಲ್ಲಿಂದ ತಿಳಕವಾಡಿ ದಾಟಿ ಪೀರನವಾಡಿಗೆ ಹೋದರೆ ದಾರಿ ಕವಲೊಡೆಯುತ್ತದೆ. ಒಂದು ಖಾನಾಪುರ, ಲೋಂಡಾ ಹಿಡಿದು ಹೋಗುತ್ತದೆ. ಇನ್ನೊಂದು ಜಾಂಬೋಟಿ, ಕಣಕುಂಬಿ ಹಾಯ್ದು ಚೋರ್ಲಾ ಘಾಟಿನಲ್ಲಿ ಇಳಿಯುತ್ತದೆ. ಆ ಎರಡೂ ದಾರಿಗಳಲ್ಲಿ ಮೀನು ಬಂದಿದೆ, ತೆಂಗು ಬಂದಿದೆ, ಜನ ಬಂದಿದ್ದಾರೆ, ಅವರ ಕೈಚೀಲಗಳಲ್ಲಿ ಕೆಂಪು ಮಣಿಸರದಂಥ ಗೋವೆಯ ಸಾಸೇಜು, ಚೊರೀಸೂ ಬಂದಿದೆ. ನಮ್ಮ ಕಡೆಯದಲ್ಲ ಅನ್ನುವುದಾದರೂ ಹೇಗೆ?

ನಾನು ಅದನ್ನು ತಿಂದಿಲ್ಲ. ನಮ್ಮದು ಲಿಂಗಾಯತರ ಮನೆ. ಆದರೆ ಅದು ತಯಾರಾಗುವುದನ್ನು ಮೆಟ್ಟಿಲ ಮೇಲೆ ಕೂತು ನೋಡಿ ಬೆಳೆದಿದ್ದೇನೆ. 1970ರ ದಶಕದಲ್ಲಿ ನಮ್ಮ ಮನೆಯ ಹಿಂದಿನ ಎರಡು ಖೋಲಿಗಳಲ್ಲಿ ಖಾನಾಪುರ ಕಡೆಯ ಕ್ರೈಸ್ತ ಶಿಕ್ಷಕಿಯೊಬ್ಬರು ಬಾಡಿಗೆಗೆ ಇದ್ದರು. ನಮಗೆ ಅವರು ಅಕ್ಕೋರು. ಮೇ ತಿಂಗಳು ಬಂದರೆ ಅವರ ಬಾಯಲ್ಲಿ ಒಂದೇ ಮಾತು, ಪುರುಮೆಂತ್. ಮಳೆಗಾಲಕ್ಕೆ ಮೊದಲು ಮನೆ ತುಂಬಿಸಿಕೊಳ್ಳುವುದಕ್ಕೆ ಕೊಂಕಣಿಯಲ್ಲಿ ಇರುವ ಮಾತು ಅದು, ಪೋರ್ಚುಗೀಸಿನಿಂದ ಬಂದದ್ದು. ಒಣಮೀನು, ಹುಣಸೆ, ಮೆಣಸಿನಕಾಯಿ, ಕೊನೆಗೆ ಚೊರೀಸ್.

ಹಂದಿಯ ಮಾಂಸವನ್ನು ಅಕ್ಕೋರು ಅರೆಯುತ್ತಿರಲಿಲ್ಲ. ಚೂರಿಯಲ್ಲಿ ಸಣ್ಣ ಸಣ್ಣ ತುಂಡು ಮಾಡುತ್ತಿದ್ದರು. ಹರಳುಪ್ಪು ಹಚ್ಚಿ, ಮೇಲೆ ಕಲ್ಲು ಹೇರಿ, ನೀರು ಇಳಿಯಲು ಬಿಡುತ್ತಿದ್ದರು. ಮೆಣಸಿನಕಾಯಿ, ಕಾಳುಮೆಣಸು, ಬೆಳ್ಳುಳ್ಳಿ, ಶುಂಠಿ, ಲವಂಗ, ದಾಲ್ಚಿನ್ನಿ ಇವಿಷ್ಟನ್ನೂ ತೆಂಗಿನ ಕಳ್ಳಿನ ಹುಳಿಯಲ್ಲಿ ರುಬ್ಬುತ್ತಿದ್ದರು. ಒಂದು ಹನಿ ನೀರು ತಾಕಬಾರದು. ಎರಡು ದಿನ ಕಳೆದ ಮೇಲೆ ತೊಳೆದು ಒಣಗಿಸಿದ ಕರುಳಿನಲ್ಲಿ ತುಂಬಿ, ಎರಡೆರಡು ಬೆರಳಿಗೊಂದು ದಾರದ ಗಂಟು ಹಾಕಿ, ಬಿಸಿಲಿಗೆ ತೂಗು ಬಿಡುವುದು. ಅದು ಜಪಸರದ ಹಾಗೆ ಕಾಣುತ್ತಿತ್ತು. ಗಂಟು ಅಷ್ಟು ಹತ್ತಿರ ಹತ್ತಿರ ಯಾಕೆ ಎಂದು ಕೇಳಿದ್ದಕ್ಕೆ ಅವರು, "ಸಣ್ಣದಿದ್ರ ಒಳಗಿನ ತನಕ ಬಿಸಲು ಹೋಗ್ತೈತಿ, ಮಗಾ" ಅಂದಿದ್ದರು.

ಈ ಒಂದು ಉತ್ತರ ಹಿಡಿದು ನಾನು ಲೋಕದ ಎಷ್ಟೋ ಸಾಸೇಜುಗಳನ್ನು ಅರ್ಥ ಮಾಡಿಕೊಂಡಿದ್ದೇನೆ. ಪೋರ್ಚುಗಲ್ಲಿನ ಬೆಟ್ಟದ ಹಳ್ಳಿಗಳಲ್ಲಿ ಹಂದಿ ಕೊಯ್ಯುವುದು ಚಳಿಗಾಲದಲ್ಲಿ. ಅಲ್ಲಿ ತಣ್ಣನೆಯ ಒಣಗಾಳಿ ಇದೆ, ಒಲೆಯ ಹೊಗೆ ಇದೆ. ಅವರ ಶೌರಿಸೊ ಅದರಲ್ಲೇ ಪಕ್ವವಾಗುತ್ತದೆ. ಗೋವೆಯಲ್ಲಿ ಆ ಚಳಿ ಎಲ್ಲಿಂದ ಬರಬೇಕು? ಅದಕ್ಕೇ ಕಳ್ಳಿನ ಹುಳಿ ಕಾವಲಿಗೆ ನಿಂತಿತು. ಚೀನಾದವರ ಲಾಪ್ ಚಾಂಗಿನ ಹೆಸರಿನಲ್ಲೇ ವರ್ಷದ ಕೊನೆಯ ಚಳಿ ತಿಂಗಳಿದೆ. ಥಾಯ್ಲೆಂಡಿನ ಈಸಾನ್ ಸೀಮೆಯವರು ಮಾಂಸದ ಜೊತೆ ಅನ್ನ ಕಲಸಿ ಕರುಳಿಗೆ ತುಂಬಿ, ಅದು ತಾನಾಗಿ ಹುಳಿ ಬರುವ ತನಕ ಎರಡು ಮೂರು ದಿನ ಕಾಯುತ್ತಾರೆ. ಮ್ಯೂನಿಕ್ಕಿನ ಬಿಳಿ ಸಾಸೇಜಿಗೆ ಉಪ್ಪೂ ಹೊಗೆಯೂ ಕಾಯುವಷ್ಟು ಇಲ್ಲ. ಅದಕ್ಕೇ ಫ್ರಿಜ್ಜಿಲ್ಲದ ಕಾಲದಲ್ಲಿ ಅದನ್ನು ಮಧ್ಯಾಹ್ನದ ಗಂಟೆ ಹೊಡೆಯುವ ಮೊದಲೇ ತಿಂದು ಮುಗಿಸಬೇಕಿತ್ತು. ದಕ್ಷಿಣ ಆಫ್ರಿಕದ ಬೂರೆವೋರ್ಸಿಗೆ ನಮ್ಮ ಕೊತ್ತಂಬರಿ ಬೀಜವೇ ಜೀವ. ಕಜಾಕರು ಕುದುರೆಯ ಪಕ್ಕೆಯ ಮಾಂಸ ತುಂಬುತ್ತಾರೆ, ತುರ್ಕಿಯವರು ದನದ ಮಾಂಸಕ್ಕೆ ಬೆಳ್ಳುಳ್ಳಿ ಜೀರಿಗೆ ಹಾಕಿ ಗಾಳಿಗೆ ತೂಗುತ್ತಾರೆ. ಎಲ್ಲರ ಚಿಂತೆಯೂ ಒಂದೇ: ಇವತ್ತು ಇರುವುದನ್ನು ನಾಳೆಗೆ ಉಳಿಸುವುದು ಹೇಗೆ?

ಇಂಗ್ಲಿಷಿನ ಸಾಸೇಜ್ ಎಂಬ ಮಾತನ್ನು ಬೆನ್ನು ಹತ್ತಿ ಹೋದರೆ ಲ್ಯಾಟಿನ್ನಿನ ಸಾಲ್ಸುಸ್ ಸಿಗುತ್ತದೆ. ಅಂದರೆ ಉಪ್ಪು ಹಾಕಿದ್ದು. ಮಾಂಸದ ಹೆಸರಿಲ್ಲ, ಕರುಳಿನ ಹೆಸರಿಲ್ಲ, ಉಪ್ಪಿನ ಹೆಸರು ಮಾತ್ರ. ನಾವು ಉಪ್ಪಿನಕಾಯಿ ಅಂದದ್ದೂ ಹಾಗೇ ಅಲ್ಲವೇ? ಖಾರ, ಎಣ್ಣೆ, ಸಾಸಿವೆ, ಇಂಗು ಎಲ್ಲ ಇದ್ದರೂ ಕಾಯಿಯನ್ನು ಕಾಯ್ದದ್ದು ಯಾರು ಎಂಬುದು ಹೆಸರಿಟ್ಟವರಿಗೆ ಗೊತ್ತಿತ್ತು. ಪುಡಿ ಉಪ್ಪು ಮಾತ್ರ ಮಾರುವ ಅಂಗಡಿಯ ಮೇಲೆ ನನಗೆ ಬಂದ ಸಿಟ್ಟು ಅದಕ್ಕೇ.

ಇನ್ನು ಸೋಮೇಶ್ವರನ ಮಾತು. ಇದನ್ನು ನಾನು ಕಂಡವರಿಗೆಲ್ಲ ಹೇಳುತ್ತೇನೆ, ಹೇಳದೆ ಇರಲಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರಲ್ಲಿ 'ಮಾನಸೋಲ್ಲಾಸ' ಮುಗಿಸಿದ. ಸಂಸ್ಕೃತದ ಗ್ರಂಥ, ನೂರು ಅಧ್ಯಾಯ. ಅದರ ಅನ್ನಭೋಗದ ಭಾಗದಲ್ಲಿ ಇಡ್ಡರಿಕಾ ಬರುತ್ತದೆ. ಇಡ್ಲಿಯ ಮೂಲ ಸಿಕ್ಕಿತೆಂದು ನಮ್ಮವರು ಭಾಷಣಗಳಲ್ಲಿ, ಹೋಟೆಲಿನ ಗೋಡೆಗಳ ಮೇಲೆ ಅದನ್ನು ಮೆರೆಸಿದ್ದಾರೆ. ಸಂತೋಷವೇ. ಆದರೆ ಅದೇ ಭಾಗದಲ್ಲಿ ಮಂಡಲಿಯ ಎಂಬ ಅಡುಗೆಯೂ ಇದೆ: ಕರುಳಿನೊಳಗೆ ಮಜ್ಜೆ ಮಸಾಲೆ ತುಂಬಿ ಕೆಂಡದ ಮೇಲೆ ಸುಡುವುದು. ಅದರ ಹೆಸರನ್ನು ಯಾವ ಗೋಡೆಯ ಮೇಲೂ ನಾನು ಕಂಡಿಲ್ಲ. ಅರಸನೇ ಕೂತು ಬರೆಸಿದ್ದನ್ನು ನಾವು ಅರ್ಧ ಓದಿ ಅರ್ಧ ಬಿಡುವುದು ನನಗೆ ನೋವಿನ ಸಂಗತಿ. ಒಂಬೈನೂರು ವರ್ಷಗಳ ಹಿಂದೆ, ಮೆಣಸಿನಕಾಯಿ ಈ ನೆಲಕ್ಕೆ ಕಾಲಿಡುವುದಕ್ಕೆ ಸುಮಾರು ನಾಲ್ಕು ಶತಮಾನ ಮೊದಲು, ಕನ್ನಡದ ಅರಮನೆಯಲ್ಲಿ ಸಾಸೇಜು ಕೆಂಡದ ಮೇಲೆ ಚಟಗುಡುತ್ತಿತ್ತು. ಸ್ಪೇನಿನವರ ಚೊರೀಸೊ ಆಗ ಇನ್ನೂ ಕೆಂಪಾಗಿರಲಿಲ್ಲ. ಆ ಕೆಂಪು ಅಮೆರಿಕದ ಮೆಣಸಿನಕಾಯಿ ಕೊಟ್ಟದ್ದು.

ಇನ್ನೊಂದನ್ನು ಹೇಳಿಬಿಡುತ್ತೇನೆ. ಈ ಸೋಮೇಶ್ವರನ ಸೋದರಿ ಮೈಲಲದೇವಿ ಗೋವೆಯ ಕದಂಬರ ಎರಡನೆಯ ಜಯಕೇಶಿಯ ರಾಣಿ. ಆ ಕದಂಬರ ಇನ್ನೊಂದು ರಾಜಧಾನಿ ಹಲಸಿ, ನಮ್ಮ ಖಾನಾಪುರ ತಾಲೂಕಿನ ಹಲಸಿ. ಕಲ್ಯಾಣ, ಹಲಸಿ, ಗೋವೆ ಮೂರೂ ಬೀಗರ ಊರುಗಳು. ತವರಿನ ಅಡುಗೆ ಹೆಣ್ಣುಮಕ್ಕಳ ಬೆನ್ನಿಗೆ ಹೋಗುತ್ತದೆ ಎಂದು ನಂಬಿದವಳು ನಾನು. ಮೈಲಲದೇವಿಯ ಜೊತೆ ಕಲ್ಯಾಣದ ಬಾಣಸಿಗನೊಬ್ಬ ಘಟ್ಟದ ಕಡೆ ಬಂದಿದ್ದರೆ ಎಂದು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ. ಪುರಾವೆ ಕೇಳಿದರೆ ನನ್ನ ಹತ್ತಿರ ಇಲ್ಲ. ಹಲಸಿಯ ಭೂವರಾಹ ನರಸಿಂಹ ಗುಡಿಗೆ ಹೋದಾಗಲೆಲ್ಲ ಆ ಯೋಚನೆ ಬರುತ್ತದೆ, ಅಷ್ಟೇ.

ಹೋಮರನ ಒಡಿಸ್ಸಿಯಲ್ಲೂ ಮಂಡಲಿಯದಂಥ ತುಂಬಿದ ಅಡುಗೆಯೊಂದಿದೆ. ಇಪ್ಪತ್ತನೆಯ ಸರ್ಗದ ಮೊದಲಲ್ಲಿ, ಎಷ್ಟೋ ವರ್ಷಗಳ ಮೇಲೆ ತನ್ನ ಮನೆಗೇ ಭಿಕ್ಷುಕನ ವೇಷದಲ್ಲಿ ಬಂದ ಒಡಿಸ್ಸಿಯಸ್ ನಿದ್ದೆ ಹತ್ತದೆ ಹೊರಳಾಡುತ್ತಾನೆ. ಕೊಬ್ಬು ರಕ್ತ ತುಂಬಿದ ಜಠರವನ್ನು ಬೇಗ ಬೇಯಲೆಂದು ಬೆಂಕಿಯ ಮುಂದೆ ಅತ್ತಿತ್ತ ಹೊರಳಿಸುವವನ ಹೋಲಿಕೆಯನ್ನು ಕವಿ ಅಲ್ಲಿ ಕೊಡುತ್ತಾನೆ. ಕಾಲೇಜಿನಲ್ಲಿ ಅದನ್ನು ಓದಿದಾಗ ನನಗೆ ಒಡಿಸ್ಸಿಯಸ್ ಕಾಣಲಿಲ್ಲ, ನಮ್ಮ ಅವ್ವ ಕಂಡಳು. ಮೇ ತಿಂಗಳ ರಾತ್ರಿಗಳಲ್ಲಿ ಅವ್ವನಿಗೆ ನಿದ್ದೆ ಇರುತ್ತಿರಲಿಲ್ಲ. ಮಾಳಿಗೆಯ ಮೇಲೆ ಬಾಳಕ. ಅಡ್ಡಮಳೆ ಯಾವ ಹೊತ್ತಿಗೆ ಬಂದೀತೋ ಎಂದು ಒಂದು ಕಿವಿ ಹೊರಗಿಟ್ಟೇ ಮಲಗುತ್ತಿದ್ದಳು. ಆ ಮಗ್ಗುಲಿಗೊಮ್ಮೆ, ಈ ಮಗ್ಗುಲಿಗೊಮ್ಮೆ.

ಬಾಳಕ ಮಾಡುವ ಕೆಲಸವೂ ಅಕ್ಕೋರ ಕೆಲಸದ ಹಾಗೇ ಇತ್ತು. ದಪ್ಪ ತಿಳಿಹಸಿರು ಮೆಣಸಿನಕಾಯಿಯ ಹೊಟ್ಟೆ ಸೀಳಿ, ಮೆಂತ್ಯ, ಜೀರಿಗೆ, ಕೊತ್ತಂಬರಿ, ಇಂಗು, ಹರಳುಪ್ಪು ಕುಟ್ಟಿ ತುಂಬುವುದು. ಹುಳಿ ಮಜ್ಜಿಗೆಯಲ್ಲಿ ನೆನೆಸುವುದು. ಹಗಲು ಬಿಸಿಲಿಗೆ ಹರಡುವುದು. ಉಪ್ಪು, ಹುಳಿ, ಬಿಸಿಲು, ಮೇಲೊಂದು ತೊಗಲು. ಮಾಳಿಗೆಯ ಪೂರ್ವಕ್ಕೆ ಅವ್ವನ ಚಾಪೆ, ಪಶ್ಚಿಮಕ್ಕೆ ಅಕ್ಕೋರ ಹಗ್ಗ. ನಡುವೆ ಗಾಳಿ ಬೀಸಿದರೆ ಇಂಗಿನ ಘಮ ಆ ಕಡೆ, ಲವಂಗ ಹುಳಿಯ ಘಮ ಈ ಕಡೆ. ಅವ್ವ ಸೆರಗನ್ನು ಮೂಗಿಗೆ ಹಿಡಿದದ್ದೂ ಉಂಟು. ಆದರೆ ಹಗ್ಗ ತೆಗೆಯಿರಿ ಎಂದು ಒಂದು ದಿನವೂ ಅನ್ನಲಿಲ್ಲ.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದ ವರ್ಷ, ಅಕ್ಕೋರು ಊರಿನಲ್ಲಿ ಮದುವೆ ಎಂದು ಖಾನಾಪುರಕ್ಕೆ ಹೋಗಿದ್ದ ಮಧ್ಯಾಹ್ನ ಆಕಾಶ ಒಮ್ಮೆಲೆ ಕಪ್ಪಾಯಿತು. ಮೊದಲ ಹನಿಗಳು ಬೀಳುತ್ತಿದ್ದ ಹಾಗೆ ಅವ್ವ ಮಾಳಿಗೆಗೆ ಓಡಿದಳು. ನಾನು ಚಾಪೆಯ ತುದಿ ಹಿಡಿದು ನಿಂತಿದ್ದೆ. ಅವಳು ಚಾಪೆಯ ಕಡೆ ಬರಲಿಲ್ಲ. ಬಟ್ಟೆ ಒಣಹಾಕುವ ಗಳ ತಗೊಂಡು ಪಶ್ಚಿಮದ ಹಗ್ಗಕ್ಕೆ ಹೋದಳು. ಗಳದ ತುದಿಗೆ ಒಂದೊಂದೇ ಸರ ಎತ್ತಿ, ಕೈ ತಾಕಿಸದೆ, ಒಂದು ಗಂಟೂ ಹರಿಯದ ಹಾಗೆ ಮೆಟ್ಟಿಲು ಇಳಿಸಿ ಅಕ್ಕೋರ ಪಡಸಾಲೆಯ ಗೂಟಕ್ಕೆ ತೂಗಿದಳು. ನಾಲ್ಕು ಸರ, ನಾಲ್ಕು ಸಲ. ಅಷ್ಟರಲ್ಲಿ ಆಲಿಕಲ್ಲು ಬಿದ್ದು ನಮ್ಮ ಚಾಪೆಯ ಮೇಲೆ ನೀರು ನಿಂತಿತ್ತು. ನಾನು ಅತ್ತೆ. ಅವ್ವ ನನ್ನ ತಲೆ ಒರೆಸುತ್ತಾ, "ಅವ್ರದು ಖಂಡ ಐತಿ, ಕೆಟ್ರ ರೊಕ್ಕ ಹೋತು. ನಮ್ದೇನ, ಮೆಣಸಿನಕಾಯಿ" ಅಂದಳು.

ಆ ಮಳೆಗಾಲ ನಾವು ಮೊಸರನ್ನವನ್ನು ಬಾಳಕವಿಲ್ಲದೆ ಉಂಡೆವು. ಮುಂದಿನ ಬೇಸಿಗೆಗೆ ಅಕ್ಕೋರು ಖಾನಾಪುರ ಸಂತೆಯಿಂದ ಒಂದು ಬುಟ್ಟಿ ಮೆಣಸಿನಕಾಯಿ ತಂದು, ಅವ್ವನ ಜೊತೆ ಕೂತು ಹೊಟ್ಟೆ ಸೀಳಿಕೊಟ್ಟರು. ಅವರ ಬೆರಳುಗಳಿಗೆ ತುಂಬುವ ಕೆಲಸ ಚೆನ್ನಾಗಿ ಗೊತ್ತಿತ್ತು.

ಇದನ್ನೆಲ್ಲ ಆ ಹುಡುಗನಿಗೆ ಹೇಳಬೇಕಿತ್ತು. ಗಿರಾಕಿಗಳು ಕಾಯುತ್ತಿದ್ದರು, ಆಗಲಿಲ್ಲ. ಶಹಾಪುರದ ಹಳೆಯ ಕಿರಾಣಿ ಅಂಗಡಿಗೆ ಹೋಗಿ ಎರಡು ಕಿಲೋ ಹರಳುಪ್ಪು ತಂದೆ. ಬಾಳಕ ಈಗ ಮಾಳಿಗೆಯ ಮೇಲಿದೆ. ಬೆಳಗಾವಿಯಲ್ಲಿ ಮಳೆಯನ್ನು ಮೂಗಿನಿಂದ ತಿಳಿಯಬೇಕು ಎನ್ನುತ್ತಿದ್ದಳು ಅವ್ವ. ಗಾಳಿ ಜಾಂಬೋಟಿ ಕಡೆಯಿಂದ ತಿರುಗಿದರೆ ಕಾಡಿನ ತರಗೆಲೆಯ ವಾಸನೆ ಮೊದಲು ಬರುತ್ತದೆ, ಗಳಿಗೆ ಕಳೆದು ಮಣ್ಣಿನದು, ಆಮೇಲೆ ಹನಿ. ಅಪಾರ್ಟ್‌ಮೆಂಟುಗಳು ಎದ್ದ ಮೇಲೆ ಆ ಮೊದಲ ವಾಸನೆ ನನಗೆ ಸಿಗುವುದು ಅಪರೂಪವಾಗಿದೆ. ಈಗೊಮ್ಮೆ ಬಂದ ಹಾಗಾಯಿತು. ಗಳ ಮೆಟ್ಟಿಲ ಕೆಳಗೇ ಇದೆ.