ನೀರಿಗೂ ಕಾಲಿಗೂ ದಾರಿ ಬಿಡಿ

ಬೆಂಗಳೂರಿನ ನಾಲ್ಕು ಜನ ಎಲ್ಲಿ ಸೇರಿದರೂ ಮಾತು ಟ್ರಾಫಿಕ್ಕಿಗೆ ಬಂದು ನಿಲ್ಲುತ್ತದೆ. ಸಿಲ್ಕ್ ಬೋರ್ಡ್ ದಾಟಲು ಎಷ್ಟು ಹೊತ್ತಾಯಿತು, ಹೆಬ್ಬಾಳದಲ್ಲಿ ಎಷ್ಟು ಹೊತ್ತು ಸಿಕ್ಕಿಕೊಂಡೆವು ಎಂಬ ಲೆಕ್ಕ ನಡೆಯುತ್ತದೆ. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಯಾರಾದರೊಬ್ಬರು ಪರಿಹಾರವನ್ನೂ ಹೇಳಿರುತ್ತಾರೆ. ಇನ್ನೊಂದು ಫ್ಲೈಓವರ್ ಬೇಕು, ಇಲ್ಲವೇ ನೆಲದಡಿ ಸುರಂಗ ಕೊರೆಯಬೇಕು. ಬಸ್ಸಿಳಿದು ಮನೆಗೆ ನಡೆದುಹೋಗುವ ಹೆಂಗಸಿನ ಕಷ್ಟ ಈ ಮಾತಿನಲ್ಲಿ ಬರುವುದೇ ಇಲ್ಲ. ಬಿದ್ದ ಮಳೆ ಎಲ್ಲಿಗೆ ಹರಿಯಬೇಕು ಎಂಬ ಪ್ರಶ್ನೆಯೂ ಬರುವುದಿಲ್ಲ. ನನ್ನ ಮಟ್ಟಿಗೆ ಊರು ಕಟ್ಟುವ ವಿದ್ಯೆ ಈ ಎರಡರಿಂದಲೇ ಶುರುವಾಗಬೇಕು. ನಡೆಯುವ ಕಾಲಿಗೂ ಹರಿಯುವ ನೀರಿಗೂ ಮೊದಲು ದಾರಿ ಬಿಟ್ಟರೆ ಮಿಕ್ಕದ್ದು ತನ್ನ ಜಾಗ ಹುಡುಕಿಕೊಳ್ಳುತ್ತದೆ.

ನಮ್ಮ ಹಿಂದಿನವರಿಗೆ ಇದು ಗೊತ್ತಿತ್ತು. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯಲ್ಲಿ ಇವತ್ತಿಗೂ ಒಂದು ಸುತ್ತು ಹಾಕಬಹುದು. ಉತ್ತರ ದಕ್ಷಿಣವಾಗಿ ದೊಡ್ಡಪೇಟೆ, ಪೂರ್ವ ಪಶ್ಚಿಮವಾಗಿ ಚಿಕ್ಕಪೇಟೆ, ಆಚೀಚೆ ಬಳೇಪೇಟೆ, ಅಕ್ಕಿಪೇಟೆ, ಕುಂಬಾರಪೇಟೆ, ತರಗುಪೇಟೆ. ಕೆಳಗೆ ಅಂಗಡಿ, ಮೇಲೆ ಮನೆ, ಮೂಲೆಯಲ್ಲಿ ಗುಡಿ. ಕೆಲಸದ ಜಾಗಕ್ಕೂ ಮಲಗುವ ಜಾಗಕ್ಕೂ ನಡುವೆ ಗಂಟೆಗಟ್ಟಲೆ ಪ್ರಯಾಣವಿರಲಿಲ್ಲ. ಮನೆ, ದುಡಿಮೆ, ಸಂತೆ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ ಇರಬೇಕೆಂದು ಇವತ್ತಿನ ನಗರ ವಿನ್ಯಾಸಕಾರರು ನಕ್ಷೆ ಬರೆದು ವಿವರಿಸುತ್ತಾರೆ. ಪೇಟೆಯ ಜನ ಅದನ್ನು ಶತಮಾನಗಳ ಕಾಲ ಬದುಕಿ ತೋರಿಸಿದ್ದಾರೆ.

ನೀರಿನ ಲೆಕ್ಕವೂ ಅಷ್ಟೇ ಚೊಕ್ಕವಾಗಿತ್ತು. ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ ಕೂತಿರುವ ಊರು ಇದು. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ ಹಿಡಿದು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಈ ಇಳಿಜಾರಿಗೆ ಅಡ್ಡಲಾಗಿ ಒಂದರ ಕೆಳಗೊಂದು ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ ಇಳಿಯುತ್ತಿತ್ತು. ಮಳೆಗಾಲದ ಪ್ರವಾಹವನ್ನು ತಡೆದು ಬೇಸಿಗೆಗೆ ಕೂಡಿಡುವ ವ್ಯವಸ್ಥೆ ಅದು.

ನಾವು ಆ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಕಳಚಿದೆವು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ, ಕರಗದ ಶಾಸ್ತ್ರಕ್ಕೆಂದು ಒಂದು ಪುಟ್ಟ ಕುಂಟೆ ಉಳಿದಿದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರ ವರ್ತುಲ ರಸ್ತೆ ಮುಳುಗಿ, ಐಟಿ ಕಂಪನಿಯವರು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದದ್ದನ್ನು ದೇಶವೇ ನೋಡಿತು. ಒಂದೂವರೆ ವರ್ಷದ ಮೇಲೆ, 2024ರ ಬೇಸಿಗೆಯಲ್ಲಿ, ಬೋರ್‌ವೆಲ್ ಬತ್ತಿ ಅದೇ ಊರು ಟ್ಯಾಂಕರ್ ಕಾಯುತ್ತ ನಿಂತಿತು. ಪ್ರವಾಹ ಮತ್ತು ಬರ ಇಲ್ಲಿ ಎರಡು ಕಾಯಿಲೆಗಳಲ್ಲ. ಬಿದ್ದ ನೀರು ನಿಲ್ಲುವ ಜಾಗವನ್ನೂ ಇಂಗುವ ಮಣ್ಣನ್ನೂ ನಾವು ಮುಚ್ಚಿಬಿಟ್ಟಿದ್ದೇವೆ, ಎರಡಕ್ಕೂ ಮೂಲ ಅದೇ. ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಮೇಲೆತ್ತಿ ತರುವ ಊರು, ತನ್ನ ತಲೆಯ ಮೇಲೆ ಸುರಿದ ಮಳೆಯನ್ನು ಚರಂಡಿಗೆ ಬಿಡುವುದು ನನಗೆ ಬಹಳ ನೋವಿನ ಸಂಗತಿ.

ಮಾತು ನೀರಿನ ಹಿಂದೆಯೇ ಹರಿಯಿತು, ಕಾಲಿನ ಕಡೆಗೆ ಬರೋಣ. 1898ರಲ್ಲಿ ಪ್ಲೇಗು ಬಡಿದಾಗ ಪೇಟೆಯ ಇಕ್ಕಟ್ಟೇ ಜನರಿಗೆ ಮುಳುವಾಯಿತು. ಆಗ ಬೆಳೆದ ಬಡಾವಣೆಗಳೇ ಮಲ್ಲೇಶ್ವರ ಮತ್ತು ಬಸವನಗುಡಿ. ನೇರ ಅಡ್ಡರಸ್ತೆಗಳು, ಗಾಳಿ ಬೆಳಕಿಗೆ ಅವಕಾಶವಿರುವ ನಿವೇಶನಗಳು, ಮಕ್ಕಳಿಗೆ ಪಾರ್ಕು, ಎರಡು ಸಾಲು ಮನೆಗಳ ಬೆನ್ನಿಗೆ ಮಲ ಸಾಗಿಸಲು ಕನ್ಸರ್ವೆನ್ಸಿ ಓಣಿ. ಒಂದು ರೋಗ ಊರಿನ ವಿನ್ಯಾಸವನ್ನೇ ಬದಲಿಸಿತು. ಒಳಚರಂಡಿ ಬಂದ ಮೇಲೆ ಆ ಓಣಿಗಳಿಗೆ ಮೊದಲಿನ ಕೆಲಸ ಉಳಿಯಲಿಲ್ಲ. ಹಲವು ಕಡೆ ಒತ್ತುವರಿಯಾದವು, ಕಸ ತುಂಬಿತು. ಆದರೆ ಮಲ್ಲೇಶ್ವರದಲ್ಲಿ ಕೆಲವನ್ನು ಚೊಕ್ಕಟ ಮಾಡಿ, ಗೋಡೆಗಳಿಗೆ ಬಣ್ಣ ಬಳಿದು, ನಡೆಯುವ ದಾರಿಯಾಗಿ ತೆರೆಯುವ ಕೆಲಸ ನಡೆದಿದೆ. ವಾಹನದ ಭಯವಿಲ್ಲದೆ ಅಜ್ಜಿಯರು ಮೊಮ್ಮಕ್ಕಳ ಕೈಹಿಡಿದು ಹೋಗಬಹುದಾದ ದಾರಿಗಳು ನಮ್ಮ ಬೆನ್ನ ಹಿಂದೆಯೇ ಇವೆ. ಹೊಸದಾಗಿ ಜಮೀನು ಕೊಳ್ಳುವ ಅಗತ್ಯವೇ ಇಲ್ಲ.

ನೆರಳಿನ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಲಾಲ್‌ಬಾಗಿನ ಉಸ್ತುವಾರಿ ವಹಿಸಿದ್ದ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್ ಅವರು ಬೀದಿಗಳಿಗೆ ಮರ ಆರಿಸುವಾಗ, ಒಂದರ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಯೋಚಿಸಿದ್ದರು. ಇಂದು ರಸ್ತೆ ಅಗಲ ಮಾಡುವ ಯೋಜನೆ ಬಂದರೆ ಮೊದಲ ಕೊಡಲಿ ಏಟು ಸಾಲುಮರಕ್ಕೇ ಬೀಳುತ್ತದೆ. ನೆರಳಿಲ್ಲದ ಫುಟ್‌ಪಾತ್ ಮೇಲೆ ಏಪ್ರಿಲ್ ತಿಂಗಳ ಮಧ್ಯಾಹ್ನ ಯಾರೂ ನಡೆಯಲಾರರು.

ಊರು ಬೆಳೆದ ವೇಗ ದೊಡ್ಡದು, ಒಪ್ಪೋಣ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮಾಡಿದರು. 2011ರ ಜನಗಣತಿಯ ಹೊತ್ತಿಗೆ 84 ಲಕ್ಷ ಜನ. ಆ ಹಳ್ಳಿಗಳಿಗೆ ನೀರು ಕೊಡುವ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹೊಲದ ಬದುವಿನ ಬಂಡಿದಾರಿಗಳೇ ರಸ್ತೆಗಳಾದವು, ಅವುಗಳ ಎರಡೂ ಬದಿಗೆ ಹತ್ತಾರು ಮಹಡಿಯ ಅಪಾರ್ಟ್‌ಮೆಂಟುಗಳು ಎದ್ದವು. ಕಾಂಪೌಂಡಿನೊಳಗೆ ಈಜುಕೊಳವಿದೆ, ಗೇಟು ದಾಟಿದರೆ ಕಾಲಿಡಲು ಜಾಗವಿಲ್ಲ. ಮನೆ ಮೊದಲು, ಬೀದಿ ಆಮೇಲೆ ಎಂಬ ತಿರುಗುಮುರುಗು ಕ್ರಮದ ಫಲ ಇದು.

ಸರಿಯಾಗಿ ಮಾಡಿದ ಉದಾಹರಣೆಗಳು ನಮ್ಮಲ್ಲೇ ಇವೆ. ಟೆಂಡರ್‌ಶ್ಯೂರ್ ಎಂಬ ಮಾದರಿಯಲ್ಲಿ ರೆಸಿಡೆನ್ಸಿ ರಸ್ತೆ, ವಿಠಲ್ ಮಲ್ಯ ರಸ್ತೆ ಮುಂತಾದವನ್ನು ಹೊಸದಾಗಿ ಕಟ್ಟಿದರು. ನೀರಿನ ಪೈಪು, ವಿದ್ಯುತ್ ತಂತಿ, ಕೇಬಲ್ಲು ಎಲ್ಲವನ್ನೂ ವ್ಯವಸ್ಥಿತವಾಗಿ ನೆಲದಡಿ ಹಾಕಿ, ರಿಪೇರಿಗೆ ಇಳಿಯಲು ಚೇಂಬರುಗಳನ್ನು ಇಟ್ಟರು. ಹಾಗಾಗಿ ಒಂದೊಂದು ಇಲಾಖೆ ಬಂದು ಡಾಂಬರು ಅಗೆಯಬೇಕಾಗಿಲ್ಲ. ವಾಹನಗಳ ಲೇನು ಉದ್ದಕ್ಕೂ ಒಂದೇ ಅಗಲ. ಫುಟ್‌ಪಾತ್ ಗಾಲಿಕುರ್ಚಿ ಹೋಗುವಷ್ಟು ವಿಶಾಲ. ದುಬಾರಿ ಎಂದು ಟೀಕೆ ಬಂತು. ಪ್ರತಿವರ್ಷ ಅಗೆದು ಮುಚ್ಚುವ ಖರ್ಚನ್ನೂ ಲೆಕ್ಕಕ್ಕೆ ಹಿಡಿದರೆ ಆ ಟೀಕೆಯಲ್ಲಿ ಹುರುಳಿಲ್ಲ. ಆದರೆ ಒಂದು ಮಾತು ಸೇರಿಸಬೇಕು. ಹೂ ಮಾರುವವರು, ಸೊಪ್ಪಿನವರು, ಚಪ್ಪಲಿ ಹೊಲಿಯುವವರು ಬೀದಿಯ ಕಣ್ಣುಗಳು. ಸಂಜೆ ಹೊತ್ತು ಒಂಟಿ ಹೆಣ್ಣುಮಗಳು ಧೈರ್ಯವಾಗಿ ನಡೆಯುವುದು ಅವರು ಕೂತಿರುವುದರಿಂದ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರ ಹಕ್ಕನ್ನು ಒಪ್ಪಿದೆ. ನಕ್ಷೆಯೂ ಒಪ್ಪಬೇಕು.

ಬಸ್ಸಿಗೂ ಇಂಥದೇ ನ್ಯಾಯ ಸಲ್ಲಬೇಕು. 2018ರಲ್ಲಿ ಹುಬ್ಬಳ್ಳಿ–ಧಾರವಾಡದ ನಡುವೆ ಓಡಾಟ ಶುರುಮಾಡಿದ ಚಿಗರಿ ಬಸ್ಸಿಗೆ ಸುಮಾರು 22 ಕಿಲೋಮೀಟರಿನ ಪ್ರತ್ಯೇಕ ದಾರಿಯಿದೆ. ಬೆಂಗಳೂರಿನಲ್ಲೂ 2019ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಬಸ್ ಲೇನ್ ಮಾಡಿದ್ದರು, ಮೆಟ್ರೊ ಕಾಮಗಾರಿ ಬಂದಾಗ ಅದು ಹೋಯಿತು. ಒಬ್ಬೊಬ್ಬರೇ ಕೂತ ಕಾರುಗಳ ಸಾಲಿನ ಹಿಂದೆ ಐವತ್ತು ಅರವತ್ತು ಜನರ ಬಸ್ಸು ಕಾಯಬೇಕೆನ್ನುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಹೆಬ್ಬಾಳದ ಫ್ಲೈಓವರ್ 2003ರಲ್ಲೇ ತೆರೆಯಿತು. ಆಮೇಲೂ ಅಲ್ಲಿ ಜಾಮ್ ಕಡಿಮೆಯಾಗಲಿಲ್ಲ, ಹೊಸ ಲೂಪುಗಳನ್ನು ಸೇರಿಸುತ್ತಲೇ ಬಂದಿದ್ದಾರೆ. ರಸ್ತೆ ಅಗಲವಾದಷ್ಟೂ ಕಾರು ಹೊರಗೆ ತೆಗೆಯುವವರು ಹೆಚ್ಚುತ್ತಾರೆ.

ಇದಕ್ಕೆ ತಿರುಗು ದಾರಿ ಹಿಡಿದದ್ದು ಕೊರಿಯಾದ ಸೋಲ್ ನಗರ. ಚಂಗ್ಯೆಚನ್ ಹೊಳೆಯನ್ನು ಮುಚ್ಚಿ ಕಟ್ಟಿದ್ದ ಮೇಲ್ಸೇತುವೆಯನ್ನು 2003ರಿಂದ ಕೆಡವಿ, 2005ರಲ್ಲಿ ನೀರನ್ನು ಮತ್ತೆ ಬೆಳಕಿಗೆ ತಂದರು. ಈಗ ಅದರ ದಡದಲ್ಲಿ ಜನ ನಡೆಯುತ್ತಾರೆ. ನಮ್ಮಲ್ಲಿ ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರಿಗೆ ಇಳಿಯುವ ರಾಜಕಾಲುವೆಯನ್ನು ಕೆ–100 ಯೋಜನೆಯಲ್ಲಿ ಶುದ್ಧಮಾಡಿ, ಬದಿಯಲ್ಲಿ ನಡೆದಾಡಲು ದಾರಿ ಮಾಡುವ ಪ್ರಯತ್ನ ಆಗಿದೆ. ಜಕ್ಕೂರಿನಲ್ಲಿ ಶುದ್ಧೀಕರಿಸಿದ ಕೊಳಚೆ ನೀರು ಜೊಂಡು ಬೆಳೆದ ಜೌಗಿನಲ್ಲಿ ಸೋಸಿ ಕೆರೆ ಸೇರುತ್ತದೆ. ಕೈಕೊಂಡ್ರಹಳ್ಳಿ ಕೆರೆ ಸುತ್ತಲಿನ ನಿವಾಸಿಗಳ ಒತ್ತಾಯ ಮತ್ತು ದುಡಿಮೆಯಿಂದ ಮರಳಿ ಜೀವ ಪಡೆಯಿತು. ಕೆರೆ ಉಳಿದಲ್ಲಿ ಅದರ ಏರಿಯ ಮೇಲೆ ನಡೆಯುವ ಜನರೂ ಇದ್ದಾರೆ.

ಇಂಥ ಕೆಲಸಗಳನ್ನು ಕೇಳಿ ಮಾಡಿಸಬೇಕಾದವರು ನಾವು ಆರಿಸಿದ ಪ್ರತಿನಿಧಿಗಳು. ಆದರೆ ಬಿಬಿಎಂಪಿಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅಲ್ಲಿಂದ ವರ್ಷಗಟ್ಟಲೆ ಊರಿಗೆ ಕಾರ್ಪೊರೇಟರುಗಳೇ ಇರಲಿಲ್ಲ. 2025ರಲ್ಲಿ ಊರನ್ನು ಐದು ಪಾಲಿಕೆಗಳಾಗಿ ವಿಂಗಡಿಸಿದರು. ಪಾಲಿಕೆ ಎಷ್ಟೇ ಆಗಲಿ, ವಾರ್ಡಿನವರು ಬಾಯಿಬಿಟ್ಟು ಕೇಳದಿದ್ದರೆ ನಕ್ಷೆ ಬದಲಾಗುವುದಿಲ್ಲ. ಮತ ಕೇಳಲು ಬಂದವರನ್ನು ದಯವಿಟ್ಟು ಎರಡೇ ಪ್ರಶ್ನೆ ಕೇಳಿ: ನಮ್ಮ ಬೀದಿಯಲ್ಲಿ ಮಗು ಶಾಲೆಗೆ ನಡೆದುಹೋಗಲು ಏನು ಮಾಡುತ್ತೀರಿ? ನಮ್ಮ ವಾರ್ಡಿನ ರಾಜಕಾಲುವೆ ಎಲ್ಲಿದೆ, ಎಷ್ಟು ಅಗಲ ಇದೆ? ಉತ್ತರ ಗೊತ್ತಿಲ್ಲದವರಿಗೆ ಊರು ಆಳುವ ಕೆಲಸ ಕೊಡಬೇಡಿ.