ಅಟ್ಟದ ಮೇಲಿನ ಖಡಕ್ ರೊಟ್ಟಿ

ಜೂನ್ ಎರಡನೇ ವಾರ. ಮಿರ್ಗದ ಮಳೆ. ಸಂಜೆ ನಾಲ್ಕೂವರೆಗೆ ಶಾಲೆಯ ಗಂಟೆ ಹೊಡೆದಾಗಿದೆ, ನಾನು ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದೇನೆ. ಮಾಡಿನ ಒಂದೊಂದು ಹಂಚಿನ ಸಾಲಿನಿಂದಲೂ ನೀರು ಹಗ್ಗ ಬಿಟ್ಟ ಹಾಗೆ ಇಳಿಯುತ್ತಿದೆ. ಆಚೆಗಿರುವ ಧ್ವಜದ ಕಂಬ ಒಮ್ಮೆ ಕಾಣುತ್ತದೆ, ಮಂಜು ಸರಿದು ಬಂದರೆ ಅದೂ ಇಲ್ಲ. ಮಕ್ಕಳ ನೋಟ್‌ಬುಕ್ಕು ತುಂಬಿದ ಚೀಲವನ್ನು ಎದೆಗೆ ಅವಚಿಕೊಂಡಿದ್ದೇನೆ.

"ಸಾರ್, ಯಾರಿಗೆ ಕಾಯ್ತಿದೀರಿ?"

ಐದನೇ ಕ್ಲಾಸಿನ ಹುಡುಗಿ. ತಲೆಯಿಂದ ಮೊಣಕಾಲಿನವರೆಗೆ ಪ್ಲಾಸ್ಟಿಕ್ ಕೊಪ್ಪೆ.

"ಮಳಿ ನಿಲ್ಲಲಿ ಅಂತ."

ಅವಳು ನನ್ನ ಮುಖ ನೋಡುತ್ತಾಳೆ, ಆಕಾಶ ನೋಡುತ್ತಾಳೆ, ಮತ್ತೆ ನನ್ನ ಮುಖ. ಏನೂ ಹೇಳದೆ ಅಂಗಳಕ್ಕಿಳಿದು ನಡೆದುಬಿಡುತ್ತಾಳೆ. ಉಳಿದ ಮಕ್ಕಳೂ ಅಷ್ಟೇ. ಐದು ನಿಮಿಷದಲ್ಲಿ ಜಗಲಿ ಖಾಲಿ. ನಾನು ಆರು ಗಂಟೆಯವರೆಗೆ ಅಲ್ಲೇ ನಿಂತಿರುತ್ತೇನೆ.

ನಮ್ಮ ವಿಜಯಪುರದ ಕಡೆ ಮಳೆ ಬಂದರೆ ಜನ ನಿಲ್ಲುತ್ತಾರೆ. ಅಂಗಡಿಯ ಕಟ್ಟೆ ಹತ್ತಿ, ಗುಡಿಯ ಪೌಳಿಯೊಳಗೆ ಸೇರಿ, ಮುಗಿಲು ನೋಡುತ್ತ ಮಾತಾಡದೆ ನಿಲ್ಲುತ್ತಾರೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಬೀಳುವ ನೆಲ ಅದು, ಬಂದದ್ದನ್ನು ಕಣ್ಣಿನಿಂದಲೂ ಕುಡಿಯುತ್ತೇವೆ. ಇಲ್ಲಿ, ಆಗುಂಬೆಯ ಸುತ್ತ, ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ದಕ್ಷಿಣದ ಚಿರಾಪುಂಜಿ ಎಂದು ಬೋರ್ಡಿನ ಮೇಲೆ ಬರೆದು ಪಾಠ ಹೇಳಿದವನೇ ನಾನು. ಆದರೆ ಆ ಅಂಕಿ ಎಂದರೆ ದಿಂಬು ಹಸಿ, ಬೆಂಕಿಪೊಟ್ಟಣ ಹಸಿ, ಉಪ್ಪಿನ ಭರಣಿಯಲ್ಲಿ ನೀರು, ತೊಳೆದ ಅಂಗಿಗೆ ಐದನೇ ದಿನ ನಾಯಿಕೊಡೆಯ ವಾಸನೆ ಎಂಬುದು ಇಲ್ಲಿ ಬಂದು ಮಲಗಿದ ಮೇಲೆ ತಿಳಿಯಿತು.

ಇನ್ನೊಂದು ಚಿತ್ರವನ್ನೂ ಹೊತ್ತು ತಂದಿದ್ದೆ. ಶಂಕರ್ ನಾಗ್ 'ಮಾಲ್ಗುಡಿ ಡೇಸ್' ತೆಗೆದದ್ದು ಆಗುಂಬೆಯಲ್ಲಿ. ಆ ಬಿಸಿಲು, ಆ ಬೀದಿ, ಜಗಲಿಯ ಮೇಲೆ ಕೂತ ಜನ ಚಿಕ್ಕಂದಿನಿಂದ ಕಣ್ಣಲ್ಲಿದ್ದರು. ಓಣಿ ಇರುತ್ತದೆ, ಹೋಗಿಬರುವವರು 'ಊಟ ಆತೇನ್ರಿ' ಎನ್ನುತ್ತಾರೆ ಅಂದುಕೊಂಡು ಬಂದೆ. ನನ್ನ ಶಾಲೆಯಿರುವ ಊರಿಗೆ ಓಣಿಯೇ ಇಲ್ಲ. ಒಂದು ಮನೆ ಇಲ್ಲಿ, ಇನ್ನೊಂದು ಗುಡ್ಡದಾಚೆ, ಮತ್ತೊಂದು ಅಡಿಕೆ ತೋಟದ ಕೆಳಗೆ. ಒಬ್ಬರ ಹೊಗೆ ಇನ್ನೊಬ್ಬರಿಗೆ ಕಾಣದು. ಮೊದಲ ತಿಂಗಳು ನನ್ನನ್ನು ಊಟವಾಯಿತೇ ಎಂದು ಯಾರೂ ಕೇಳಲಿಲ್ಲ. ಈ ಊರವರಿಗೆ ನಾನು ಬೇಡವೆಂದೇ ತಿಳಿದೆ.

ಅದೇ ತಿಂಗಳಲ್ಲಿ ಆ ಕೊಪ್ಪೆಯ ಹುಡುಗಿ ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೇ ದಿನ ಎಲ್ಲರೆದುರು ಗದರಿದೆ. ತಲೆ ತಗ್ಗಿಸಿ ನಿಂತಳೇ ಹೊರತು ಬಾಯಿ ಬಿಡಲಿಲ್ಲ. ಮಧ್ಯಾಹ್ನ ಅಡುಗೆಯ ಅಕ್ಕ ಸಾರು ಬಡಿಸುತ್ತ ಮೆಲ್ಲಗೆ ಹೇಳಿದರು, "ಹಳ್ಳ ಬಂದಿತ್ತಲ ಸಾರ್, ಹೇಗೆ ದಾಟ್ತಾಳೆ?" ಅನ್ನ ಗಂಟಲಲ್ಲಿ ನಿಂತಿತು. ಆ ಗದರಿಕೆಯ ನೋವು ನನ್ನಿಂದ ಇನ್ನೂ ಹೋಗಿಲ್ಲ.

ಈಗ ಜುಲೈ, ಪುನರ್ವಸು. ನಾಲ್ಕೂವರೆಗೆ ಕೊಡೆ ಬಿಚ್ಚಿ ನಾನೂ ಅಂಗಳಕ್ಕೆ ಇಳಿಯುತ್ತೇನೆ. ಬೂಟು ಬಿಟ್ಟು ತಿಂಗಳಾಯಿತು; ಒಳಗೆ ಹೊಕ್ಕ ಉಂಬಳ ಬೂಟಿನಲ್ಲಿ ಕಾಣುವುದಿಲ್ಲ, ಚಪ್ಪಲಿಯಲ್ಲಾದರೆ ಕಂಡ ಕೂಡಲೇ ಕಿತ್ತೆಸೆಯಬಹುದು. ಜೇಬಿನಲ್ಲಿ ಸುಣ್ಣದ ಡಬ್ಬಿ. ಮುಂದೆ ನಾಲ್ಕು ಮಕ್ಕಳು, ಹಿಂದೆ ನಾನು. ಕೊಳೆತ ಎಲೆಯ ದಾರಿ ಕಾಲ ಕೆಳಗೆ ಮೆತ್ತಗೆ ಕುಸಿಯುತ್ತದೆ. ತೋಟದ ಬೇಲಿ ದಾಟಿದರೆ ಹಳ್ಳದ ಸದ್ದು, ನೋಡುವ ಮೊದಲೇ ಎದೆಗೆ ತಾಗುತ್ತದೆ.

ಎರಡು ಅಡಿಕೆ ಮರ ಜೋಡಿಸಿ, ಕೈ ಹಿಡಿಯಲು ಒಂದು ಬಿದಿರು ಕಟ್ಟಿದ ಸಂಕ. ಕೆಳಗೆ ಕೆಂಪು ನೀರು ಟೊಂಗೆ, ಎಲೆ, ನೊರೆ ಎಲ್ಲ ಹೊತ್ತು ಓಡುತ್ತಿದೆ. ಮರಕ್ಕೂ ನೀರಿಗೂ ಒಂದು ಮೊಳ ಅಂತರ. ಹುಡುಗಿಯ ಅಜ್ಜ ಆಚೆ ದಡದಲ್ಲಿ ಕಂಬಳಿ ಕೊಪ್ಪೆ ಹಾಕಿ ನಿಂತಿದ್ದಾರೆ. ಎಷ್ಟು ಹೊತ್ತಿನಿಂದ ನಿಂತಿದ್ದಾರೋ. ಈಚೆ ಬಂದು ಅವಳ ಮಣಿಕಟ್ಟು ಹಿಡಿಯುತ್ತಾರೆ, ಕೈಯನ್ನಲ್ಲ, ಮಣಿಕಟ್ಟನ್ನೇ. ನಾನು ಎರಡು ದಿನದ ಲೆಕ್ಕ ಬರೆದ ಹಾಳೆಯನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿ ಅವಳ ಚೀಲದೊಳಗೆ ಹಾಕುತ್ತೇನೆ. ನೀರು ಒಂದು ಮೊಳಕ್ಕೆ ಬಂತೆಂದರೆ ನಾಳೆ ಅವಳು ಬರುವುದಿಲ್ಲ, ಬರಕೂಡದು. ಹಾಜರಿಯ ಖಾನೆಯಲ್ಲಿ ಗೈರು ಎಂದೇ ಬರೆಯಬೇಕು, ಆದರೆ ಅದನ್ನು ಓದುವ ಬಗೆ ನನಗೀಗ ಬೇರೆ.

ಇಬ್ಬರೂ ದಾಟುತ್ತಾರೆ. ಆಚೆ ಮುಟ್ಟಿದ ಮೇಲೆ ಅಜ್ಜ ತಿರುಗಿ ಏನೋ ಕೂಗುತ್ತಾರೆ. ನೀರು ಆ ಮಾತನ್ನು ನನ್ನವರೆಗೆ ಬಿಡುವುದಿಲ್ಲ. ಕೈ ಎತ್ತುತ್ತಾರೆ, ನಾನೂ ಎತ್ತುತ್ತೇನೆ.

ಮನೆಗೆ ಬಂದು ಕಾಲು ತೊಳೆಯುವ ಹೊತ್ತಿಗೆ ಕತ್ತಲು. ಬಚ್ಚಲ ಒಲೆಯಲ್ಲಿ ಬೆಂಕಿ, ಅದರ ಮೇಲಿನ ಗಳುವಿನಲ್ಲಿ ನನ್ನ ಅಂಗಿಗಳು. ನಾನು ಒಣಹಾಕಿದ್ದು ನನ್ನ ಕೋಣೆಯ ಹಗ್ಗದ ಮೇಲೆ, ಇಲ್ಲಿಗೆ ತಂದವರು ನಾನು ಉಳಿದುಕೊಂಡಿರುವ ಮನೆಯ ಅಮ್ಮ. ಕೇಳಿದರೆ "ಇಲ್ಲಿ ಹೇಗೂ ಬೆಂಕಿ ಇತ್ತು" ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯಿತು. ನೆನೆಹಾಕಿ ಕಹಿ ತೆಗೆದ ಕಳಲೆ ಒಂದು ಬಟ್ಟಲು ಬಾಗಿಲ ಬಳಿ ಇರುತ್ತದೆ. ಒಣಗಿದ ಸೌದೆ ಗೋಡೆಗೆ ಒರಗಿರುತ್ತದೆ. ಇವೆಲ್ಲ ಮೊದಲ ವಾರದಿಂದಲೇ ಇದ್ದವು. ನನ್ನ ಕಿವಿ 'ಊಟ ಆತೇನ್ರಿ' ಕೇಳಲು ಕಾದಿತ್ತು, ಕಣ್ಣು ಇವನ್ನು ನೋಡಲಿಲ್ಲ.

ರೊಟ್ಟಿಯ ವಿಷಯವೂ ಹೀಗೇ. ಬರುವಾಗ ಅವ್ವ ಐವತ್ತು ಖಡಕ್ ಜೋಳದ ರೊಟ್ಟಿ ಬಟ್ಟೆಯಲ್ಲಿ ಕಟ್ಟಿಕೊಟ್ಟಿದ್ದಳು, ಜೊತೆಗೆ ಶೇಂಗಾ ಹಿಂಡಿ. ಊರಲ್ಲಾದರೆ ತಿಂಗಳಾನುಗಟ್ಟಲೆ ಕೆಡುವುದಿಲ್ಲ. ಇಲ್ಲಿ ನಾಲ್ಕನೇ ದಿನ ಒದ್ದೆ ಬಟ್ಟೆಯಂತೆ ಜೋತುಬಿದ್ದವು, ಎಂಟನೇ ದಿನ ಮೇಲೆ ಹಸಿರು ಬೂಸ್ಟು. ಕೆಟ್ಟವನ್ನು ಕತ್ತಲಲ್ಲಿ ಗೊಬ್ಬರದ ಗುಂಡಿಗೆ ಹಾಕಿ ಬಂದೆ. ಅವ್ವನ ಕೈ ಬಡಿದ ರೊಟ್ಟಿ ಎಸೆಯುವಾಗ ಅತ್ತೆ. ಮರುದಿನ ಅಮ್ಮ ಬಾಗಿಲಿಗೆ ಬಂದರು.

"ಮೇಷ್ಟ್ರೆ, ಉಳಿದಿದ್ದು ಇದ್ರೆ ಕೊಡಿ ಇತ್ಲಾಗೆ."

ಒಳ್ಳೆಯವು ಇಪ್ಪತ್ತೆರಡು ಉಳಿದಿದ್ದವು. ಬಿಸಿ ಕೆಂಡದ ಮೇಲೆ ಒಂದೊಂದನ್ನೇ ಹಿಡಿದು ಒಣಗಿಸಿ, ಡಬ್ಬಿಗೆ ತುಂಬಿ, ಏಣಿ ಹತ್ತಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದರು, ಹಲಸಿನ ಹಪ್ಪಳದ ಡಬ್ಬಿಯ ಪಕ್ಕಕ್ಕೆ. ಈಗ ರಾತ್ರಿಗೊಂದು ಇಳಿಯುತ್ತದೆ. ಮುರಿದರೆ ಸದ್ದಾಗುತ್ತದೆ. ಹೊಗೆಯ ರುಚಿ ಹತ್ತಿದೆ, ಕಳಲೆ ಪಲ್ಯದ ಜೊತೆ ಅದು ಚೆನ್ನಾಗಿಯೇ ಇದೆ.

ಉಂಡು ಗುಡ್ಡದ ಮೇಲಿನ ಬಂಡೆಯ ಬಳಿಗೆ ಹೋಗುತ್ತೇನೆ, ಟವರ್ ಸಿಗುವುದು ಅಲ್ಲಿ ಮಾತ್ರ. ಕೊಡೆಯ ಕೆಳಗೆ ಅವ್ವನ ದನಿ.

"ರೊಟ್ಟಿ ಅದಾವೇನೋ?"

"ಅದಾವವ್ವ. ಹೊಗಿ ವಾಸನಿ ಬಂದದ. ಚಲೋ ಅದಾವ."

"ಮಳಿ ಹೆಂಗದ ಅಲ್ಲಿ?"

"ಅದ. ಅಲ್ಲಿ?"

"ಎಲ್ಲಿ ಮಳಿಯಪಾ. ತೊಗರಿ ಬಿತ್ತೀವಿ, ಮುಗಿಲ ನೋಡಕೋತ ಕುಂತೀವಿ."

ಏನು ಹೇಳಲಿ? ಫೋನನ್ನು ಮೇಲೆತ್ತಿ ಕೊಡೆಯ ಬಟ್ಟೆಯ ಹತ್ತಿರ ಹಿಡಿಯುತ್ತೇನೆ. ಹನಿಗಳು ದಪದಪ ಬೀಳುತ್ತಿವೆ, ಸುತ್ತ ಕಾಡೆಲ್ಲ ಅದೇ ಸದ್ದು. ತೋಳು ನೋಯುವವರೆಗೆ ಹಿಡಿದು, ಆಮೇಲೆ ಕಿವಿಗೆ ತಂದುಕೊಳ್ಳುತ್ತೇನೆ.

"ಇನ್ನೊಂದೀಟು ಹಿಡಿಯೋ" ಎನ್ನುತ್ತಾಳೆ ಅವ್ವ.