ಬೆವರಿಗೆ ಬಣ್ಣ ಬಿಟ್ಟ ಗಿಟಾರು

ಪ್ರೀತಿಯ ರೋರಿ ಗ್ಯಾಲಹರ್,

ನಿನಗೊಂದು ಸುದ್ದಿ ಹೇಳಬೇಕು. 2024ರ ಅಕ್ಟೋಬರಿನಲ್ಲಿ ನಿನ್ನ ಗಿಟಾರು ಲಂಡನ್ನಿನಲ್ಲಿ ಹರಾಜಿಗೆ ಬಂತು. ಸುಮಾರು 8 ಲಕ್ಷ 89 ಸಾವಿರ ಪೌಂಡಿಗೆ ಹೋಯಿತು. ಕೊಂಡವರು ಅದನ್ನು ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೇ ಕೊಟ್ಟರು. ನಿನ್ನ ಗಿಟಾರು ನಿನ್ನ ನಾಡಿನಲ್ಲೇ ಉಳಿಯಿತು.

1963ರಲ್ಲಿ ಕಾರ್ಕ್ ನಗರದ ಕ್ರೌಲಿ ಅಂಗಡಿಯಲ್ಲಿ ನೀನದನ್ನು ಕೊಂಡಾಗ ನಿನಗೆ 15 ವರ್ಷ. ಬೇರೊಬ್ಬ ವಾದಕ ಕೆಂಪು ಬಣ್ಣದ್ದು ಬೇಕೆಂದು ತರಿಸಿ, ಬೇರೆ ಬಣ್ಣದ್ದು ಬಂತೆಂದು ಬಿಟ್ಟುಕೊಟ್ಟ ಫೆಂಡರ್ ಸ್ಟ್ರ್ಯಾಟೊಕ್ಯಾಸ್ಟರ್ ಅದು. ಬೆಲೆ ನೂರು ಪೌಂಡಿನ ಆಸುಪಾಸು. ಕಂತಿನ ಮೇಲೆ ತಂದೆ. ಮುಂದೆ ಡಬ್ಲಿನ್ನಿನಲ್ಲಿ ಕಳವಾಗಿ, ಚರಂಡಿಯಲ್ಲಿ ಬಿದ್ದದ್ದು ಸಿಕ್ಕಿತು. ಮತ್ತೆ ಅದನ್ನೇ ನುಡಿಸಿದೆ. ವರ್ಷಗಟ್ಟಲೆ ವೇದಿಕೆಯ ಮೇಲೆ ಇಳಿದ ನಿನ್ನ ಬೆವರು ಅದರ ಬಣ್ಣವನ್ನು ಬಹುಪಾಲು ತಿಂದುಹಾಕಿತು. ಈಗ ಅಂಚಿನಲ್ಲಿ ಅಷ್ಟಿಷ್ಟು ಬಣ್ಣ, ಮಿಕ್ಕಿದ್ದೆಲ್ಲ ಬರೀ ಮರ.

ನಿನಗೆ ಸಂಗೀತ ಒಲಿದೇ ಬಂದಿತ್ತು ಎನ್ನುತ್ತಾರೆ. ನಿಜವೇ. ಗುರುವಿಲ್ಲದೆ ಕಲಿತೆ, ರೇಡಿಯೊದಲ್ಲಿ ಬರುತ್ತಿದ್ದ ಅಮೆರಿಕದ ಬ್ಲೂಸ್ ಕೇಳಿಯೇ ಬೆರಳು ತಿದ್ದಿಕೊಂಡೆ. ಮ್ಯಾಂಡೊಲಿನ್, ಸ್ಯಾಕ್ಸೊಫೋನ್, ಹಾರ್ಮೋನಿಕಾ ಎಲ್ಲವೂ ನಿನ್ನ ಮಾತು ಕೇಳಿದವು. ನಿನ್ನ ಕುರಿತು ಟೋನಿ ಪಾಮರ್ ತೆಗೆದ ಚಿತ್ರವನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಚೌಕಳಿ ಅಂಗಿ, ಹಣೆಗಂಟಿದ ಕೂದಲು. ನುಡಿಸುತ್ತಲೇ ಗಿಟಾರಿನ ಗುಂಡಿ ತಿರುಗಿಸಿ ದನಿಯನ್ನು ಪಿಸುಮಾತಿಗೆ ಇಳಿಸುತ್ತೀಯ, ಮರುಕ್ಷಣ ಸಭಾಂಗಣ ತುಂಬಿಸುತ್ತೀಯ.

ಆದರೆ ನಾನು ನಿನ್ನನ್ನು ನೆನೆಯುವುದು ಆ ಕೈಚಳಕಕ್ಕಿಂತ ಹೆಚ್ಚಾಗಿ ಅದನ್ನು ನೀನು ಹೊತ್ತುಕೊಂಡು ಹೋದ ಊರುಗಳಿಗಾಗಿ. ಎಪ್ಪತ್ತರ ದಶಕದಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಕ್ಯಾಥೊಲಿಕ್-ಪ್ರಾಟೆಸ್ಟಂಟ್ ಕಲಹದ ಬಾಂಬು ಸಿಡಿಯುತ್ತಿತ್ತು. ದೊಡ್ಡ ದೊಡ್ಡ ತಂಡಗಳು ಆ ಕಡೆ ತಲೆ ಹಾಕುತ್ತಿರಲಿಲ್ಲ. ನೀನು ಹೋದೆ, ಮತ್ತೆ ಮತ್ತೆ ಹೋದೆ. ಅಲ್ಸ್ಟರ್ ಹಾಲ್‌ನಲ್ಲಿ ಕ್ಯಾಥೊಲಿಕ್ ಹುಡುಗರೂ ಪ್ರಾಟೆಸ್ಟಂಟ್ ಹುಡುಗರೂ ಒಂದೇ ಸೂರಿನಡಿ ನಿಂತು ನಿನ್ನನ್ನು ಕೇಳಿದರು. ಹೊರಗೆ ಬೀದಿಬೀದಿಗೆ ಗಡಿ ಬಿದ್ದಿದ್ದ ಕಾಲದಲ್ಲಿ ಅದು ಸಣ್ಣ ಕೆಲಸವಲ್ಲ.

1975ರ ಜನವರಿಯಲ್ಲಿ ರೋಲಿಂಗ್ ಸ್ಟೋನ್ಸ್ ತಂಡದವರು ನಿನ್ನನ್ನು ರಾಟರ್‌ಡ್ಯಾಮಿಗೆ ಕರೆಸಿಕೊಂಡರು. ಕೆಲ ದಿನ ಅವರ ಜೊತೆ ನುಡಿಸಿದೆ. ಜಪಾನಿನಲ್ಲಿ ನಿನ್ನ ಕಛೇರಿಗಳು ಮೊದಲೇ ಗೊತ್ತಾಗಿದ್ದವು, ಹೊರಟುಬಿಟ್ಟೆ. ಟಿಕೆಟ್ ಕೊಂಡವರಿಗೆ ಕೊಟ್ಟ ಮಾತು ನಿನಗೆ ದೊಡ್ಡದಾಗಿತ್ತು.

ಅಷ್ಟು ಜನರನ್ನು ನೋಡಿಕೊಂಡವನು ನಿನ್ನನ್ನು ನೀನು ನೋಡಿಕೊಳ್ಳಲಿಲ್ಲ. ವಿಮಾನವೆಂದರೆ ಭಯ, ಅದಕ್ಕೆ ಮಾತ್ರೆ, ಜೊತೆಗೆ ಮದ್ಯ. ಯಕೃತ್ತು ಸೋತಿತು. ಕಸಿ ಮಾಡಿದರು, ಆಮೇಲೆ ತಗುಲಿದ ಸೋಂಕು ನಿನ್ನನ್ನು ಬಿಡಲಿಲ್ಲ. 1995ರ ಜೂನ್ 14. ವಯಸ್ಸು ಬರೀ 47. ಈ ಸಂಕಟ ನನಗೆ ಇನ್ನೂ ಆರಿಲ್ಲ.

ಗಿಟಾರು ಕಲಿಯುವ ಮಕ್ಕಳು ವೇಗ ಹೇಗೆ ಬರುತ್ತದೆಂದು ಕೇಳುತ್ತಾರೆ. ಅವರಿಗೆ ನಿನ್ನ ‘ಐರಿಷ್ ಟೂರ್ ’74’ ಆಲ್ಬಮ್ ಕೇಳಿಸುತ್ತೇನೆ. ವೇಗ ಅಭ್ಯಾಸದಿಂದ ಬಂದೀತು. ಯಾರೂ ಹೋಗದ ಊರಿಗೆ ಹೋಗಿ ನುಡಿಸುವ ಮನಸ್ಸೂ ಅವರಿಗೆ ಬರಲಿ ಎಂಬುದೇ ನನ್ನ ಆಸೆ.

ಇಂತಿ,
ನಿನ್ನೊಬ್ಬ ಕೇಳುಗ